ಮನೆಯ ಕೋವಿ, ಊರಿನ ಕಾವಲು



ಸಾಮಾನ್ಯ ಗೃಹಸ್ಥನೊಬ್ಬನಿಗೆ ತನ್ನ ಮತ್ತು ಮನೆಯವರ ಪ್ರಾಣರಕ್ಷಣೆಗೆ ಸ್ವಂತ ಕೋವಿ ಬೇಕೇ ಎಂಬ ಪ್ರಶ್ನೆಯನ್ನು ಇಂದಿನ ಉಪನ್ಯಾಸದ ವಿಷಯವಾಗಿ ಎತ್ತಿಕೊಂಡಿದ್ದೇನೆ. ಇದು ಅಮೆರಿಕದವರ ತಲೆನೋವು, ನಮಗೇಕೆ ಎಂದು ಹೆದ್ದಾರಿ ಬದಿಯಲ್ಲಿ ಮನೆ ಇರುವವರು ಕೇಳಬಹುದು. ಜಡ್ಕಲ್, ಮುದೂರು, ಹಳ್ಳಿಹೊಳೆ, ಅಮಾಸೆಬೈಲು ಕಡೆಯ ಹಾಡಿಯಂಚಿನ ಮನೆಗಳಲ್ಲಿ ರಾತ್ರಿ ಕಳೆಯುವವರು ಹಾಗೆ ಕೇಳಲಾರರು. ಅವರಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಈಗಾಗಲೇ ಕೋವಿ ಇದೆ. ಆದ್ದರಿಂದ ಪ್ರಶ್ನೆ ನಮ್ಮದೂ ಹೌದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳೆ ಕಾಯಲು ಕೋವಿ ಬೇಕೆಂಬ ಕೃಷಿಕರ ಬೇಡಿಕೆ ನ್ಯಾಯವಾದದ್ದು. ಪ್ರಾಣ ಕಾಯಲು ಕೋವಿ ಬೇಕೆಂಬ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಆದರೆ ಆ ಬೇಡಿಕೆಯ ಹಿಂದಿರುವ ಭಯವನ್ನು ನಕ್ಕು ತಳ್ಳಿಹಾಕುವವರ ಜೊತೆಗೂ ನಾನಿಲ್ಲ. ಆ ಭಯಕ್ಕೆ ಕಾರಣಗಳಿವೆ, ಮತ್ತು ಆ ಕಾರಣಗಳಲ್ಲಿ ಹೆಚ್ಚಿನವು ಕೋವಿಯಿಂದ ಪರಿಹಾರವಾಗುವಂಥವಲ್ಲ.

ಭಯದಿಂದಲೇ ಆರಂಭಿಸೋಣ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಮನೆಗಳು ಬಯಲುಸೀಮೆಯ ಊರುಗಳಂತೆ ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತವಲ್ಲ. ಇಲ್ಲಿ ಒಬ್ಬೊಬ್ಬನ ಮನೆಯೂ ಅವನವನ ಗದ್ದೆಯ ತಲೆಯಲ್ಲಿ, ತೋಟದ ನಡುವೆ, ಹಕ್ಲಿನ ಅಂಚಿನಲ್ಲಿ ಒಂಟಿಯಾಗಿ ಇದೆ. ಹಿಂದೆ ಇದು ಭಯದ ಮಾತಾಗಿರಲಿಲ್ಲ. ಒಂದು ಮನೆಯಲ್ಲಿ ಹತ್ತು ಹದಿನೈದು ಜನ, ಕೂಗಳತೆಯಲ್ಲಿ ಇನ್ನೊಂದು ಮನೆ, ಗದ್ದೆಯಲ್ಲಿ ಸದಾ ಆಳುಕಾಳು. ಈಗ ಮಕ್ಕಳು ಬೆಂಗಳೂರಿನ ಕಂಪನಿಯಲ್ಲಿ, ಮುಂಬಯಿಯ ಹೋಟೆಲಿನಲ್ಲಿ, ಗಲ್ಫಿನಲ್ಲಿ. ಹೆಬ್ಬಾಗಿಲಿನ ದೊಡ್ಡ ಮನೆಯಲ್ಲಿ ಎಪ್ಪತ್ತು ದಾಟಿದ ಗಂಡ ಹೆಂಡತಿ ಇಬ್ಬರೇ. ಅಕ್ಕಪಕ್ಕದ ಮನೆಗಳ ಬಾಗಿಲಿಗೆ ಬೀಗ. ವರ್ಷಕ್ಕೊಮ್ಮೆ ಹಬ್ಬಕ್ಕೋ ಕೋಲಕ್ಕೋ ತೆರೆದರೆ ತೆರೆಯಿತು. ಕೂಗಿದರೆ ಕೇಳಿಸಿಕೊಳ್ಳಲು ಕೂಗಳತೆಯಲ್ಲಿ ಯಾರೂ ಇಲ್ಲ. ಜೊತೆಗೆ ಘಟ್ಟದ ಬುಡದ ಬಹಳಷ್ಟು ಕಡೆ ಮೊಬೈಲ್ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಅದೂ ಇಲ್ಲ. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಬೈಂದೂರು, ಬ್ರಹ್ಮಾವರ ತಾಲೂಕುಗಳಾದದ್ದು ಅದಕ್ಕೂ ಎರಡು ದಶಕಗಳ ನಂತರ. ಕಚೇರಿಗಳು ಹತ್ತಿರ ಬಂದವು, ನಿಜ. ಆದರೆ ರಾತ್ರಿ ಎರಡು ಗಂಟೆಗೆ ತಹಶೀಲ್ದಾರರ ಕಚೇರಿಯಿಂದ ಯಾರಿಗೂ ಉಪಯೋಗವಿಲ್ಲ. ಇಂಥ ಮನೆಯ ಯಜಮಾನ ಒಂದು ಕೋವಿ ಇದ್ದಿದ್ದರೆ ಎಂದುಕೊಂಡರೆ ಅದರಲ್ಲಿ ಹುಚ್ಚುತನವೇನೂ ಇಲ್ಲ.

ಇನ್ನು ಈ ಸೀಮೆಯಲ್ಲಿ ನಿಜವಾಗಿ ಇರುವ ಕೋವಿಯ ವಿಚಾರ. ನಮ್ಮಲ್ಲಿ ಕೋವಿ ಎಂದರೆ ಸಿನಿಮಾದ ಪಿಸ್ತೂಲಲ್ಲ. ಬೆಳೆ ರಕ್ಷಣೆಯ ಹೆಸರಿನಲ್ಲಿ ಲೈಸನ್ಸ್ ಪಡೆದ ಒಂಟಿ ನಳಿಗೆಯ ಅಥವಾ ಜೋಡು ನಳಿಗೆಯ ತೋಟೆ ಕೋವಿ, ಇಲ್ಲವೇ ಅದಕ್ಕಿಂತ ಹಳೆಯ ಕೇಪಿನ ಕೋವಿ. 1959ರ ಆಯುಧ ಕಾಯಿದೆಯ 13ನೆಯ ಕಲಮು ಈ ವರ್ಗವನ್ನು ಗುರುತಿಸಿಯೇ ಮಾತಾಡುತ್ತದೆ: ರಕ್ಷಣೆಗೆ ಅಥವಾ ಕ್ರೀಡೆಗೆ ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ನುಣುಪು ಕೊಳವೆಯ ಕೋವಿ, ಪ್ರಾಮಾಣಿಕ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿ. ಲೈಸನ್ಸಿಗೆ ಪಹಣಿ ಬೇಕು, ಪೊಲೀಸ್ ವರದಿ ಬೇಕು, 2016ರ ಆಯುಧ ನಿಯಮಗಳು ಬಂದ ಮೇಲೆ ತರಬೇತಿಯ ಪ್ರಮಾಣಪತ್ರವೂ ವೈದ್ಯರ ಪ್ರಮಾಣಪತ್ರವೂ ಬೇಕು. ವಯಸ್ಸು ಇಪ್ಪತ್ತೊಂದು ತುಂಬಿರಬೇಕು. 2019ರ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳು ಮೂರರಿಂದ ಎರಡಕ್ಕೆ ಇಳಿದಿವೆ. ಲೈಸನ್ಸಿನ ಅವಧಿ ಮಾತ್ರ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ.

ಕೇಪಿನ ಕೋವಿಯನ್ನು ಕಂಡವರಿಗೆ ಅದು ಕೇಳುವ ವ್ಯವಧಾನ ಗೊತ್ತು. ನಳಿಗೆಯ ಬಾಯಿಯಿಂದ ಮದ್ದು ಸುರಿಯಬೇಕು. ಅದರ ಮೇಲೆ ತೆಂಗಿನ ನಾರಿನ ಉಂಡೆ ಇಟ್ಟು ಗಜದಿಂದ ಜಡಿಯಬೇಕು. ಆಮೇಲೆ ಚರೆ, ಮತ್ತೆ ನಾರು, ಮತ್ತೆ ಜಡಿಯುವುದು. ಕೊನೆಗೆ ಕುದುರೆ ಎಳೆದು ಕೇಪು ಕೂರಿಸಬೇಕು. ಇಷ್ಟು ಮಾಡಿದರೆ ಒಂದು ಈಡು. ಆಷಾಢದ ತೇವಕ್ಕೆ ಮದ್ದು ಥಂಡಿ ಹಿಡಿದರೆ ಕೇಪು ಮಾತ್ರ ಟಪ್ಪೆಂದು ಸಿಡಿದು ಕೋವಿ ಸುಮ್ಮನಾಗುತ್ತದೆ. ತೋಟಕ್ಕೆ ನುಗ್ಗಿದ ಹಂದಿಯ ಹಿಂಡನ್ನೋ ಮಂಗಗಳ ದಂಡನ್ನೋ ಓಡಿಸಲು ಇದು ಸಾಕು. ಅಲ್ಲಿ ಕೆಲಸ ಮಾಡುವುದು ಹೆಚ್ಚಾಗಿ ಸದ್ದು. ನಡುರಾತ್ರಿ ಬಾಗಿಲು ಒಡೆದು ಒಳಬಂದವನ ಎದುರು ಈ ಯಂತ್ರದಿಂದ ಪ್ರಾಣ ಉಳಿಸಿಕೊಳ್ಳುತ್ತೇನೆ ಎನ್ನುವುದು ಆತ್ಮವಿಶ್ವಾಸದ ಮಾತಾದೀತೇ ಹೊರತು ವಿವೇಕದ್ದಲ್ಲ.

ತೋಟೆ ಕೋವಿ ಇದಕ್ಕಿಂತ ಚುರುಕು ಎನ್ನಬಹುದು. ಅಲ್ಲಿ ಬೇರೆ ತೊಡಕಿದೆ. ಮಕ್ಕಳಿರುವ ಮನೆಯಲ್ಲಿ ಕೋವಿಯನ್ನು ತೋಟೆ ತೆಗೆದು, ಕಪಾಟಿನೊಳಗಿಟ್ಟು, ಬೀಗ ಹಾಕಿ, ತೋಟೆಗಳನ್ನು ಬೇರೆ ಕಡೆ ಇಡುವುದೇ ಸರಿಯಾದ ಕ್ರಮ. ಹಾಗೆ ಇಟ್ಟರೆ ಬೇಕಾದ ಆ ಅರೆಗಳಿಗೆಯಲ್ಲಿ ಅದು ಕೈಗೆ ಸಿಗುವುದಿಲ್ಲ. ಕೈಗೆ ಸಿಗುವಂತೆ ತುಂಬಿಸಿ ಮಂಚದ ಬದಿಗೆ ನಿಲ್ಲಿಸಿದರೆ ವರ್ಷದ ಎಲ್ಲ ಹಗಲು ರಾತ್ರಿಗಳಲ್ಲೂ ಅದು ಮನೆಯವರ ಕೈಗೇ ಸಿಗುತ್ತಿರುತ್ತದೆ: ಮೊಮ್ಮಗನ ಕೈಗೆ, ಕುಡಿದು ಬಂದ ಮಗನ ಕೈಗೆ, ಮನಸ್ಸು ಕುಸಿದು ಕೂತ ಯಜಮಾನನ ಕೈಗೆ. ಇವೆರಡರಲ್ಲಿ ಒಂದನ್ನು ಆರಿಸಲೇಬೇಕು. ಆತ್ಮರಕ್ಷಣೆಯ ಕೋವಿಯ ಪರ ಮಾತಾಡುವವರು ಈ ಆಯ್ಕೆಯ ಬಗ್ಗೆ ಬಾಯಿ ಬಿಡುವುದನ್ನು ನಾನು ಕಂಡದ್ದು ಕಡಿಮೆ.

ಕಾನೂನು ಏನು ಹೇಳುತ್ತದೆ? ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ಆತ್ಮರಕ್ಷಣೆಯ ಹಕ್ಕು ಕೋವಿ ಲೈಸನ್ಸಿನ ಜೊತೆ ಬರುತ್ತದೆ, ಲೈಸನ್ಸ್ ಇಲ್ಲದವನು ಹೊಡೆತ ತಿನ್ನುತ್ತ ನಿಲ್ಲಬೇಕು ಎಂದು ಭಾವಿಸಿದವರಿದ್ದಾರೆ. ಹಾಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಈ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಡುತ್ತವೆ. ಹಳೆಯ ದಂಡಸಂಹಿತೆಯಲ್ಲಿ 96ರಿಂದ 106ರವರೆಗೆ ಇದ್ದದ್ದೂ ಇದೇ. ನನ್ನ ದೇಹವನ್ನು, ನನ್ನ ಸೊತ್ತನ್ನು, ಇನ್ನೊಬ್ಬರ ದೇಹ ಸೊತ್ತುಗಳನ್ನೂ ಕಾಯಲು ಬಲಪ್ರಯೋಗ ಮಾಡಬಹುದು. ಕೈಯಲ್ಲಿರುವುದು ಕತ್ತಿಯೋ ದೊಣ್ಣೆಯೋ ಒನಕೆಯೋ ಎಂದು ಕಾನೂನು ಕೇಳುವುದಿಲ್ಲ. ಸಾವಿನ, ಗಂಭೀರ ಗಾಯದ, ಅತ್ಯಾಚಾರದ, ಅಪಹರಣದ ಆತಂಕ ನಿಜವಾಗಿ ಎದುರಾದಾಗ ಆಕ್ರಮಣಕಾರನ ಪ್ರಾಣ ಹೋದರೂ ಅದು ಅಪರಾಧವಲ್ಲ. ಸುಲಿಗೆಗೆ ಬಂದವನ ವಿಷಯದಲ್ಲಿ, ಸೂರ್ಯ ಮುಳುಗಿದ ಮೇಲೆ ಉದಯಕ್ಕೆ ಮುನ್ನ ಮನೆ ಒಡೆಯುವವನ ವಿಷಯದಲ್ಲಿ ಸೊತ್ತಿನ ರಕ್ಷಣೆಗೂ ಈ ವ್ಯಾಪ್ತಿ ಇದೆ. ಸರ್ವೋಚ್ಚ ನ್ಯಾಯಾಲಯ 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಈ ತತ್ತ್ವಗಳನ್ನು ಕ್ರಮವಾಗಿ ಹೇಳಿತು. ಆಪತ್ತಿನಲ್ಲಿ ಇರುವವನು ತನ್ನ ಏಟನ್ನು ಚಿನ್ನದ ತಕ್ಕಡಿಯಲ್ಲಿ ತೂಗಿ ಹೊಡೆಯಬೇಕೆಂದು ನಿರೀಕ್ಷಿಸಬಾರದು ಎಂಬ ಉದಾರ ದೃಷ್ಟಿ ನಮ್ಮ ನ್ಯಾಯಾಲಯಗಳದ್ದು.

ಅದೇ ಕಾನೂನು ಎರಡು ಗೆರೆಗಳನ್ನೂ ಎಳೆದಿದೆ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕಿಲ್ಲ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಕೂಡದು. ತೆಂಗಿನಕಾಯಿ ಕದ್ದು ಓಡುತ್ತಿರುವವನ ಬೆನ್ನಿಗೆ ಈಡು ಹೊಡೆದರೆ ಅದು ಆತ್ಮರಕ್ಷಣೆಯಾಗದು. ದೊಣ್ಣೆ ಹಿಡಿದವನಿಗೆ ಈ ಗೆರೆಯೊಳಗೆ ನಿಲ್ಲುವುದು ಸುಲಭ, ಏಕೆಂದರೆ ದೊಣ್ಣೆಗೆ ಮೆಲ್ಲಗೆ ಎಂಬುದೊಂದಿದೆ. ಕೋವಿಗೆ ಅದಿಲ್ಲ. ಚರೆ ಹರಡುತ್ತದೆ, ಕತ್ತಲಲ್ಲಿ ಗುರಿ ತಪ್ಪುತ್ತದೆ. ಹಾಡಿಗೆ ಶಿಕಾರಿಗೆ ಹೋದವರು ಪ್ರಾಣಿಯೆಂದು ಬಗೆದು ಜೊತೆಗಾರನಿಗೇ ಈಡು ಹೊಡೆದ ಸುದ್ದಿಗಳು ಕರಾವಳಿ ಮಲೆನಾಡುಗಳ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇವೆ. ಅವರೆಲ್ಲ ಕೋವಿ ಹಿಡಿದು ಪಳಗಿದವರೇ.

ಕಾಡುಪ್ರಾಣಿಗಳಿಂದ ಪ್ರಾಣಾಪಾಯದ ಮಾತು ಇದರ ಜೊತೆಯಲ್ಲೇ ಬರುತ್ತದೆ. ಒಂದು ಕಡೆ ಮೂಕಾಂಬಿಕಾ ಅಭಯಾರಣ್ಯ, ಇನ್ನೊಂದು ಕಡೆ ಸೋಮೇಶ್ವರ ಅಭಯಾರಣ್ಯ. ಅವುಗಳ ಸೆರಗಿನಲ್ಲಿರುವ ಊರುಗಳಲ್ಲಿ ಕಾಟಿ ಗದ್ದೆಗಿಳಿಯುವುದು, ಚಿರತೆ ನಾಯಿಗಾಗಿ ಅಂಗಳಕ್ಕೆ ಬರುವುದು ಹೊಸ ಸುದ್ದಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 11ನೆಯ ಕಲಮು ಇಲ್ಲೂ ದಾರಿ ಬಿಟ್ಟಿದೆ: ತನ್ನ ಅಥವಾ ಇನ್ನೊಬ್ಬರ ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಪ್ರಾಣಿಯನ್ನು ಗಾಯಗೊಳಿಸಿದರೂ ಕೊಂದರೂ ಅಪರಾಧವಲ್ಲ, ಆ ಹೊತ್ತಿನಲ್ಲಿ ಅವನು ಇದೇ ಕಾಯಿದೆಯನ್ನು ಮುರಿಯುವ ಕೆಲಸದಲ್ಲಿ ತೊಡಗಿರದಿದ್ದರೆ. ಹಾಗೆ ಸತ್ತ ಪ್ರಾಣಿ ಸರಕಾರದ ಸೊತ್ತು. ಬೇಟೆಗೆ ಹೊರಟವನು ಆತ್ಮರಕ್ಷಣೆಯ ಹೆಸರು ಹೇಳಿಕೊಳ್ಳದಂತೆ ಹಾಕಿದ ಬೇಲಿ ಇದು. ಬೇಲಿ ಚೆನ್ನಾಗಿಯೇ ಇದೆ. ನಮ್ಮಲ್ಲಿ ಬೆಳೆ ರಕ್ಷಣೆಯ ಲೈಸನ್ಸಿನ ಅಡಿಯಲ್ಲಿ ಹಂದಿ ಮಾಂಸದ ಊಟ ನಡೆಯುವುದು ಎಲ್ಲರಿಗೂ ತಿಳಿದ ಗುಟ್ಟಾದ್ದರಿಂದ ಬೇಲಿಯ ಬಗ್ಗೆ ಬೇಸರವೂ ಇದೆ.

ಈಗ ಪ್ರತಿಪಕ್ಷದ ಅತ್ಯಂತ ಗಟ್ಟಿ ವಾದಕ್ಕೆ ಬರುತ್ತೇನೆ. ಪ್ರಜೆಗಳ ಕೈಯಿಂದ ಆಯುಧ ಕಿತ್ತುಕೊಳ್ಳುವುದು ಪರಕೀಯ ಆಳ್ವಿಕೆಯ ಬುದ್ಧಿ, ಸ್ವತಂತ್ರ ದೇಶ ಅದನ್ನು ಮುಂದುವರಿಸಿದ್ದೇ ತಪ್ಪು ಎಂಬುದು ಆ ವಾದ. ಇದಕ್ಕೆ ಚರಿತ್ರೆಯ ಬಲ ಇದೆ. 1857ರ ಬಂಡಾಯದ ನೆನಪು ಇನ್ನೂ ಹಸಿಯಾಗಿದ್ದಾಗ, ಲಿಟ್ಟನ್ ವೈಸರಾಯ್ ಆಗಿದ್ದ ಕಾಲದಲ್ಲಿ 1878ರ ಆಯುಧ ಕಾಯಿದೆ ಬಂತು. ಭಾರತೀಯನಿಗೆ ಲೈಸನ್ಸ್, ಯುರೋಪಿಯನ್ನನಿಗೆ ವಿನಾಯಿತಿ. ಅಪಮಾನ ಇದ್ದದ್ದು ಆ ಭೇದದಲ್ಲಿ. 1887ರ ಮದರಾಸು ಅಧಿವೇಶನದಲ್ಲೇ ಕಾಂಗ್ರೆಸ್ ಈ ಕಾಯಿದೆಯ ವಿರುದ್ಧ ನಿರ್ಣಯ ಮಾಡಿತು. 1930ರ ಜನವರಿಯಲ್ಲಿ ಗಾಂಧೀಜಿ ಬ್ರಿಟಿಷ್ ಸರಕಾರದ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಕೊನೆಯದು, ಜನಪ್ರತಿನಿಧಿಗಳ ನಿಯಂತ್ರಣಕ್ಕೆ ಒಳಪಟ್ಟು ಆತ್ಮರಕ್ಷಣೆಗಾಗಿ ಬಂದೂಕಿನ ಲೈಸನ್ಸ್ ಕೊಡಬೇಕು ಎಂಬುದಾಗಿತ್ತು. ಅಹಿಂಸೆಯ ಪ್ರವಾದಿಯಿಂದ ಈ ಬೇಡಿಕೆಯೇ ಎಂದು ಅಚ್ಚರಿಪಡುವವರು ‘ನಿಯಂತ್ರಣಕ್ಕೆ ಒಳಪಟ್ಟು’ ಎಂಬ ಭಾಗವನ್ನು ಗಮನಿಸಬೇಕು. ಮರುವರ್ಷ ಕರಾಚಿ ಅಧಿವೇಶನದ ಮೂಲಭೂತ ಹಕ್ಕುಗಳ ನಿರ್ಣಯದಲ್ಲೂ ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕು ಸೇರಿತು.

ಸಂವಿಧಾನ ಸಭೆಯಲ್ಲಿ ಈ ಮಾತನ್ನು ಮತ್ತೆ ಎತ್ತಿದವರು ನಮ್ಮ ಕರಾವಳಿಯ ಮೂಲದವರು, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್. ಐಸಿಎಸ್ ನೌಕರಿಗೆ ರಾಜೀನಾಮೆ ಕೊಟ್ಟು ಸುಭಾಷರ ಜೊತೆ ಫಾರ್ವರ್ಡ್ ಬ್ಲಾಕ್ ಸೇರಿದ ಛಲಗಾರ. 1948ರ ಡಿಸೆಂಬರಿನಲ್ಲಿ, ಈಗ 19ನೆಯ ವಿಧಿಯಾಗಿರುವ ಸ್ವಾತಂತ್ರ್ಯಗಳ ಪಟ್ಟಿ ಚರ್ಚೆಗೆ ಬಂದಾಗ, ಆಯುಧ ಇಟ್ಟುಕೊಳ್ಳುವ ಹಕ್ಕನ್ನೂ ಅದಕ್ಕೆ ಸೇರಿಸಬೇಕೆಂದು ತಿದ್ದುಪಡಿ ತಂದರು. ಕರಾಚಿಯ ನಿರ್ಣಯವನ್ನು ಸಭೆಗೆ ನೆನಪಿಸಿದರು. ಅಂಬೇಡ್ಕರ್ ಒಪ್ಪಲಿಲ್ಲ. ಪ್ರತಿಯೊಬ್ಬನೂ ಪೇಟೆಗೆ ಹೋಗಿ ಸರಕಾರದ ಅಡೆತಡೆಯಿಲ್ಲದೆ ಆಕ್ರಮಣದ ಸಾಧನಗಳನ್ನು ಕೊಳ್ಳುವ ಹಕ್ಕು ಪಡೆದರೆ ಆಡಳಿತ ನಡೆಯುವುದಾದರೂ ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು. ತಿದ್ದುಪಡಿ ಬಿದ್ದುಹೋಯಿತು. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿಯಂಥದ್ದು ನಮ್ಮಲ್ಲಿ ಇಲ್ಲದಿರುವುದು ಮರೆವಿನಿಂದಲ್ಲ. ಕೇಳಿದವರಿದ್ದರು, ಚರ್ಚೆಯಾಯಿತು, ಬೇಡವೆಂದು ತೀರ್ಮಾನವಾಯಿತು. 2023ರ ಫೆಬ್ರವರಿಯಲ್ಲಿ ಲೈಸನ್ಸಿಲ್ಲದ ಬಂದೂಕುಗಳ ಹಾವಳಿಯ ಬಗ್ಗೆ ಕಳವಳಗೊಂಡ ಸರ್ವೋಚ್ಚ ನ್ಯಾಯಾಲಯವೂ ಬಂದೂಕು ಹೊಂದುವುದು ನಮ್ಮಲ್ಲಿ ಮೂಲಭೂತ ಹಕ್ಕಲ್ಲ ಎಂಬುದನ್ನು ನೆನಪಿಸಿತು.

ಕಾಮತರ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆಯುಧವನ್ನು ಸರಕಾರದ ಮರ್ಜಿಗೆ ಬಿಟ್ಟರೆ ಅದು ಪ್ರಬಲರ ಪಾಲಾಗುತ್ತದೆ ಎಂಬ ಸಂಶಯ ಅದರೊಳಗಿತ್ತು, ಮತ್ತು ನಮ್ಮ ಸೀಮೆಯಲ್ಲಿ ಅದು ಹಾಗೇ ಆಗಿತ್ತು ಕೂಡ. ಹಿಂದಿನ ಕಾಲದಲ್ಲಿ ಚಾವಡಿಯ ಗೋಡೆಯಲ್ಲಿ ಕೋವಿ ತೂಗುತ್ತಿದ್ದುದು ಒಡೆಯರ ಮನೆಗಳಲ್ಲಿ, ಪಟೇಲರ ಮನೆಗಳಲ್ಲಿ. ಗೇಣಿ ಅಳೆಯಲು ಬಂದು ಅಂಗಳದಲ್ಲಿ ನಿಂತ ಒಕ್ಕಲಿಗೆ ಅದು ಕಾಣುವ ಹಾಗೆಯೇ ತೂಗುತ್ತಿತ್ತು. ಯಾರಿಂದ ಯಾರಿಗೆ ರಕ್ಷಣೆ ಎಂದು ಆ ಒಕ್ಕಲನ್ನು ಕೇಳಬೇಕಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಗೇಣಿಪದ್ಧತಿಯನ್ನು ತೆಗೆದ ಮೇಲೆ, ಉಳುವವನ ಹೆಸರಿಗೆ ಪಹಣಿ ಬಂದ ಮೇಲೆ, ಬೆಳೆ ರಕ್ಷಣೆಯ ಕೋವಿಗೆ ಅರ್ಜಿ ಹಾಕುವ ದಾರಿ ಸಣ್ಣ ಹಿಡುವಳಿದಾರನಿಗೂ ತೆರೆಯಿತು. ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಲೈಸನ್ಸ್ ನಿರಾಕರಿಸಬಾರದೆಂದು 1959ರ ಕಾಯಿದೆಯ 14ನೆಯ ಕಲಮು ಹೇಳಿದೆ. ಆದರೂ ಪ್ರಾಣಬೆದರಿಕೆ ಇದೆಯೆಂದು ಹೇಳಿ ಆತ್ಮರಕ್ಷಣೆಯ ಲೈಸನ್ಸ್ ಪಡೆದವರ ಸಾಲಿನಲ್ಲಿ ಕೂಲಿ ಹೆಂಗಸೊಬ್ಬಳನ್ನೋ ಮೀನು ಮಾರುವ ಮುದುಕಿಯನ್ನೋ ಹುಡುಕಿ ನೋಡಿ. ಭಯ ಹೆಚ್ಚು ಇರುವವರಿಗೂ ಲೈಸನ್ಸ್ ಹೆಚ್ಚು ಸಿಗುವವರಿಗೂ ಸಂಬಂಧ ಕಡಿಮೆ.

ಕೊಡಗಿನ ಉದಾಹರಣೆಯನ್ನು ಯಾರಾದರೂ ಎತ್ತದೆ ಇರುವುದಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಇದೆ. ಕೋವಿ ಮನೆತನದ ಸಂಸ್ಕಾರದ ಭಾಗ. ನಮ್ಮಲ್ಲಿ ಅಂಥ ಸಂಸ್ಕಾರ ಬೆಳೆದಿಲ್ಲ. ಒಂದು ಸಮುದಾಯ ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ಶಿಸ್ತನ್ನು ಇನ್ನೊಂದು ಕಡೆ ಸರಕಾರಿ ಅಧಿಸೂಚನೆಯಿಂದ ನೆಡಲು ಬರುವುದಿಲ್ಲ. ಅದೂ ಅಲ್ಲದೆ ಆ ವಿನಾಯಿತಿಯ ಸಮರ್ಥನೆ ನಿಂತಿರುವುದು ಪರಂಪರೆಯ ಮೇಲೆ. ಕಳ್ಳರ ಭಯದ ಮೇಲಲ್ಲ.

ತತ್ತ್ವಗಳಿಂದ ಅನುಭವಕ್ಕೆ ಇಳಿಯೋಣ. ಈ ಸೀಮೆಯಲ್ಲಿ ಸಾಮಾನ್ಯ ಜನ ಆಯುಧಧಾರಿಗಳ ನೆರಳಿನಲ್ಲಿ ಬದುಕಿದ ಕಾಲವೊಂದಿತ್ತು. ಅದು ಸುಮಾರು ಎರಡು ದಶಕ ನಡೆಯಿತು. 2003ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ನಕ್ಸಲ್ ಯುವತಿಯರು ಬಲಿಯಾದರು. 2005ರಲ್ಲಿ ಕುಂದಾಪುರ ತಾಲೂಕಿನ ದೇವರಬಾಳುವಿನಲ್ಲಿ ಎನ್‌ಕೌಂಟರ್ ನಡೆಯಿತು. 2008ರ ಮೇ ತಿಂಗಳಲ್ಲಿ ಸೀತಾನದಿಯ ಬಳಿ ಶಿಕ್ಷಕರೊಬ್ಬರನ್ನೂ ಅವರ ಜೊತೆಗಿದ್ದವರನ್ನೂ ನಕ್ಸಲೀಯರು ಗುಂಡಿಟ್ಟು ಕೊಂದರು. ಅದೇ ವರ್ಷದ ಕೊನೆಗೆ ಹಳ್ಳಿಹೊಳೆಯಲ್ಲಿ ಕೃಷಿಕರೊಬ್ಬರ ಕೊಲೆಯಾಯಿತು. ಕಾರ್ಕಳದಲ್ಲಿ ನಕ್ಸಲ್ ನಿಗ್ರಹ ಪಡೆಯ ಕೇಂದ್ರ, ಅಮಾಸೆಬೈಲಿನಂಥ ಕಡೆ ಅದರ ಶಿಬಿರ. ಹಗಲು ಪೊಲೀಸರು ಬಂದು ಯಾರು ಬಂದಿದ್ದರೆಂದು ಕೇಳುವುದು, ರಾತ್ರಿ ಇನ್ನೊಬ್ಬರು ಬಂದು ಏನು ಹೇಳಿದೆಯೆಂದು ಕೇಳುವುದು. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುವ ಆತಂಕ ಈ ಎಲ್ಲದರ ಹಿನ್ನೆಲೆಯಲ್ಲಿತ್ತು.

ಆತ್ಮರಕ್ಷಣೆಯ ಕೋವಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕೇ? ಘಟ್ಟದ ಬುಡದ ಆ ಮನೆಗಳಲ್ಲಿ ಕೋವಿ ಅಪರೂಪದ ವಸ್ತುವಾಗಿರಲಿಲ್ಲ. ಆದರೆ ನಾಲ್ಕೈದು ಮಂದಿ ಬಂದೂಕು ಹಿಡಿದು ಅಂಗಳಕ್ಕೆ ಬಂದಾಗ ಗೋಡೆಯ ಒಂಟಿ ನಳಿಗೆ ಮಾಡಬಹುದಾದದ್ದು ಏನು? ಎತ್ತಿಕೊಂಡರೆ ಪ್ರಾಣಕ್ಕೆ ಅಪಾಯ. ಎತ್ತಿಕೊಳ್ಳದೆ ಬಿಟ್ಟರೂ, ಆಯುಧಗಳ ಹುಡುಕಾಟದಲ್ಲಿ ಇರುವವರಿಗೆ ಕೋವಿಯ ಮನೆಯೇ ಗುರಿ. ಇತ್ತ ಪೊಲೀಸರ ಕಣ್ಣಿಗೂ ಕೋವಿಯ ಮನೆಯೇ ಮೊದಲು ಬೀಳುವುದು. ಎರಡೂ ಕಡೆಯ ಸಂಶಯವನ್ನು ಮನೆಗೆ ಕರೆಯುವ ವಸ್ತುವನ್ನು ರಕ್ಷಣೆ ಎನ್ನುವುದು ಕಷ್ಟ.

ಆ ಅಧ್ಯಾಯ ಮುಗಿದ ಬಗೆ ಇನ್ನೂ ಮುಖ್ಯ. 2024ರ ನವೆಂಬರ್ 18ರಂದು ಹೆಬ್ರಿ ತಾಲೂಕಿನ ಕಬ್ಬಿನಾಲೆಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದ. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಆರು ಮಂದಿ ನಕ್ಸಲೀಯರು ಮುಖ್ಯಮಂತ್ರಿಗಳ ಎದುರು ಶರಣಾದರು. ಫೆಬ್ರವರಿ 2ರಂದು ಕುಂದಾಪುರ ತಾಲೂಕಿನ ಮಚ್ಚಟ್ಟು ಗ್ರಾಮದ ತೊಂಬಟ್ಟಿನವರೇ ಆದ ಮಹಿಳೆಯೊಬ್ಬರು ಉಡುಪಿಯಲ್ಲಿ ಜಿಲ್ಲಾಡಳಿತದ ಎದುರು ಶರಣಾದರು. ಶರಣಾಗತಿಯ ಷರತ್ತುಗಳು, ಪುನರ್ವಸತಿಯ ಭರವಸೆ, ಮಾತುಕತೆಗೆ ಮುಂದಾದ ನಾಗರಿಕರ ಓಡಾಟ ಇವುಗಳ ಮೂಲಕ ಈ ಶರಣಾಗತಿಗಳು ನಡೆದವು. ಕೊನೆಯ ಎನ್‌ಕೌಂಟರ್ ಕುರಿತು ಬೇರೆ ಬೇರೆ ಅಭಿಪ್ರಾಯಗಳಿವೆ. ಅದು ಇಂದಿನ ವಿಷಯವಲ್ಲ. ನನ್ನ ವಾದಕ್ಕೆ ಬೇಕಾದಷ್ಟೇ ಹೇಳುತ್ತೇನೆ: ಘಟ್ಟದ ಬುಡದ ಮನೆಗಳಿಗೆ ನಿದ್ದೆ ಮರಳಿ ಬಂದದ್ದರಲ್ಲಿ ಮನೆಗಳ ಕೋವಿಗಳ ಪಾತ್ರ ಏನೂ ಇರಲಿಲ್ಲ.

ಬ್ರಹ್ಮಾವರ, ಸಾಲಿಗ್ರಾಮ, ಕೋಟದ ಕಡೆಯ ಭಯ ಬೇರೆ ಬಣ್ಣದ್ದು. ಹೆದ್ದಾರಿಯ ಬದಿಯ ಈ ಊರುಗಳಲ್ಲಿ ಜನ ಹೆದರುವುದು ಕಳ್ಳರಿಗೆ. ಮನೆಯವರು ಮದುವೆಗೋ ಯಕ್ಷಗಾನಕ್ಕೋ ಹೋದ ರಾತ್ರಿ ನೋಡಿ ಬರುವ ಕಳ್ಳನಿಗೆ ಯಜಮಾನನ ಕೋವಿಯಿಂದ ತೊಂದರೆಯಿಲ್ಲ, ಲಾಭವಿದೆ. ಚಿನ್ನದ ಜೊತೆ ಅದನ್ನೂ ಒಯ್ಯುತ್ತಾನೆ. ಇನ್ನು ಕೊಲೆಗಳು. ಈ ಸೀಮೆಯ ಕೊಲೆಗಳ ಸುದ್ದಿಯನ್ನು ವರ್ಷಗಟ್ಟಲೆ ಓದಿಕೊಂಡು ಬಂದವರಿಗೆ ಒಂದು ವಿಷಯ ಕಾಣದೆ ಇರದು: ಜಾಗದ ತಕರಾರು, ನೀರಿನ ತೋಡಿನ ತಕರಾರು, ಹಣದ ವ್ಯವಹಾರ, ದಾಯಾದಿ ಮತ್ಸರ, ಸಂಸಾರದೊಳಗಿನ ಸಿಟ್ಟು. ಕೊಂದವನು ಕೊಲೆಯಾದವರ ಮನೆಯಲ್ಲಿ ಹಿಂದೆ ಕಾಫಿ ಕುಡಿದವನೇ ಆಗಿರುವುದು ಹೆಚ್ಚು. ಅಪರಿಚಿತ ಆಕ್ರಮಣಕಾರನಿಗಾಗಿ ತಂದಿಟ್ಟ ಕೋವಿ ಪರಿಚಿತನ ಜಗಳದ ಮಧ್ಯೆ ಇರುತ್ತದೆ. ಆ ಜಗಳ ಕೈಯಲ್ಲಿ ಮುಗಿಯುತ್ತದೋ ಕೋವಿಯಲ್ಲಿ ಮುಗಿಯುತ್ತದೋ ಎಂಬುದನ್ನು ಎಷ್ಟೋ ಸಲ ನಿರ್ಧರಿಸುವುದು ಕೋವಿ ಹತ್ತಿರ ಇದೆಯೇ ಎಂಬುದೊಂದೇ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಕೋಟಿಗೂ ಮೀರಿದ ವಯಸ್ಕರನ್ನು ಹನ್ನೆರಡು ವರ್ಷ ಹಿಂಬಾಲಿಸಿ ನಡೆಸಿದ, 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಅಳೆದು ನೋಡಿತು. ಕೈಬಂದೂಕು ಇಲ್ಲದ ಮನೆಗಳಿಗೆ ಹೋಲಿಸಿದರೆ, ಬಂದೂಕು ಉಳ್ಳವರ ಜೊತೆ ವಾಸಿಸುವವರು ಕೊಲೆಗೀಡಾಗುವ ಪ್ರಮಾಣ ಎರಡು ಪಟ್ಟಿಗೂ ಹೆಚ್ಚು. ಸಂಗಾತಿಯ ಗುಂಡಿಗೆ ಮನೆಯೊಳಗೇ ಬಲಿಯಾಗುವ ಪ್ರಮಾಣ ಸುಮಾರು ಏಳು ಪಟ್ಟು. ಹಾಗೆ ಸತ್ತವರಲ್ಲಿ ಬಹುಪಾಲು ಹೆಂಗಸರು. ಅಪರಿಚಿತರಿಂದ ಸಾಯುವ ಅಪಾಯ ಆ ಮನೆಗಳಲ್ಲಿ ಕಡಿಮೆಯಾಗಿತ್ತು ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಅಲ್ಲಿಯ ಕೈಬಂದೂಕು ಬೇರೆ, ನಮ್ಮ ಉದ್ದ ನಳಿಗೆಯ ಕೋವಿ ಬೇರೆ. ಅಂಕಿಗಳನ್ನು ಹಾಗೆಯೇ ಇಲ್ಲಿಗೆ ತಂದು ಅಂಟಿಸಲು ಬರುವುದಿಲ್ಲ. ಆದರೆ ಗಂಡ ಹೆಂಡಿರ ಜಗಳ, ಕುಡಿತ, ಕೋಪ ಇವು ಅಲ್ಲಿಗೂ ಇಲ್ಲಿಗೂ ಒಂದೇ. ಹೆಂಗಸರ ರಕ್ಷಣೆಗೆ ಮನೆಯಲ್ಲಿ ಕೋವಿ ಬೇಕು ಎನ್ನುವವರು ಲೈಸನ್ಸ್ ಯಾರ ಹೆಸರಿನಲ್ಲಿ ಇರುತ್ತದೆ, ಬೀಗದ ಕೈ ಯಾರ ಸೊಂಟದಲ್ಲಿ ಇರುತ್ತದೆ ಎಂಬುದನ್ನೂ ಹೇಳಬೇಕು.

ಇನ್ನೊಂದು ಸಾವಿನ ಬಗ್ಗೆ ನಾವು ಮಾತಾಡಲು ಹಿಂಜರಿಯುತ್ತೇವೆ. ಸಾಲ, ಕಾಯಿಲೆ, ಒಂಟಿತನ ಇವುಗಳಿಂದ ಕುಗ್ಗಿದ ಮನಸ್ಸಿಗೆ ಸಾಯಬೇಕೆಂಬ ತೀವ್ರ ಘಳಿಗೆ ಬರುತ್ತದೆ, ಬಹುಪಾಲು ಸಲ ಹೋಗಿಯೂ ಬಿಡುತ್ತದೆ. ಆ ಘಳಿಗೆಯಲ್ಲಿ ಮಾರಕ ಸಾಧನ ಕೈಗೆ ಸಿಗದಿದ್ದರೆ ಹೆಚ್ಚಿನವರು ಬದುಕುತ್ತಾರೆ. ಪಕ್ಕದ ಶ್ರೀಲಂಕಾ ಅತಿ ಅಪಾಯಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ನಂತರ ಅಲ್ಲಿಯ ಆತ್ಮಹತ್ಯೆಯ ಪ್ರಮಾಣ ಗಣನೀಯವಾಗಿ ಇಳಿದದ್ದು ಜಗತ್ತಿನ ವೈದ್ಯರೆಲ್ಲ ಒಪ್ಪಿದ ಸಂಗತಿ. ಅದೇ ತರ್ಕ ಕೋವಿಗೂ ಸಲ್ಲುತ್ತದೆ. ಇಬ್ಬರೇ ಹಿರಿಯರಿರುವ ಒಂಟಿ ಮನೆಗೆ ಕೋವಿ ಬೇಕು ಎನ್ನುವಾಗ ಆ ಮನೆಯ ಅಪಾಯಗಳಲ್ಲಿ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಗಾದರೆ ಏನು ಮಾಡೋಣ ಎಂದು ನೀವು ಕೇಳುವುದು ಸಹಜ. ನನ್ನಲ್ಲಿ ಚಮತ್ಕಾರದ ಉತ್ತರವಿಲ್ಲ. ಹಾಡಿಯಂಚಿನ ಮನೆಗೆ ಮೊದಲು ಬೇಕಾದದ್ದು ಇದ್ದ ಕಡೆಯಿಂದಲೇ ಮಾತಾಡಬಲ್ಲ ಫೋನು. ತುರ್ತು ಸಂಖ್ಯೆ 112 ಇದೆ ನಿಜ, ಸಿಗ್ನಲ್ ಇಲ್ಲದ ಕಡೆ ಅದು ಬರೀ ಮೂರು ಅಂಕಿ. ಗ್ರಾಮಸಭೆಗಳಲ್ಲಿ ರಸ್ತೆಗೆ, ಕಾಲುಸಂಕಕ್ಕೆ ಆಗುವ ಗಲಾಟೆ ಮೊಬೈಲ್ ಗೋಪುರಕ್ಕೂ ಆಗಲಿ. ಬೀಟ್ ಪೊಲೀಸರು ತಮ್ಮ ವ್ಯಾಪ್ತಿಯ ಒಂಟಿ ಹಿರಿಯರ ಮನೆಗಳ ಪಟ್ಟಿ ಇಟ್ಟುಕೊಂಡು ತಿಂಗಳಿಗೊಮ್ಮೆಯಾದರೂ ಅಂಗಳಕ್ಕೆ ಬರಬೇಕು. ಶಂಕರನಾರಾಯಣ, ಅಮಾಸೆಬೈಲು, ಕೊಲ್ಲೂರು ಠಾಣೆಗಳ ವ್ಯಾಪ್ತಿ ಎಷ್ಟು ಹರಡಿದೆ ಎಂದು ಬಲ್ಲವರಿಗೆ ಇದಕ್ಕೆ ಇನ್ನಷ್ಟು ಸಿಬ್ಬಂದಿ ಬೇಕೆಂಬುದೂ ಗೊತ್ತು. ಚಿರತೆ, ಕಾಟಿಗಳ ವಿಷಯದಲ್ಲಿ ಅರಣ್ಯ ಇಲಾಖೆಯವರು ಘಟನೆ ನಡೆದ ಮೇಲೆ ಮಹಜರಿಗೆ ಬರುವುದಕ್ಕಿಂತ ಮೊದಲೇ ಬರುವುದನ್ನು ಕಲಿಯಬೇಕು. ಇವೆಲ್ಲ ಕೋವಿಯಷ್ಟು ಗಂಡಸುತನದ ಪರಿಹಾರಗಳಾಗಿ ಕಾಣುವುದಿಲ್ಲ, ಬಲ್ಲೆ.

ಬೆಳೆ ರಕ್ಷಣೆಯ ಕೋವಿ ಉಳ್ಳವರ ಪರವಾಗಿಯೂ ಎರಡು ಮಾತು ಸಲ್ಲಬೇಕು. ಪ್ರತಿ ಚುನಾವಣೆಗೂ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಆದೇಶ ಬರುತ್ತದೆ. 2023ರಲ್ಲಿ ವಿಧಾನಸಭೆಗೆ, 2024ರಲ್ಲಿ ಲೋಕಸಭೆಗೆ. ಬೈಂದೂರು ಕ್ಷೇತ್ರ ಶಿವಮೊಗ್ಗ ಲೋಕಸಭೆಗೆ ಸೇರಿದ್ದರಿಂದ ಕುಂದಾಪುರದವರು ಏಪ್ರಿಲ್ 26ರಂದು, ಬೈಂದೂರಿನವರು ಮೇ 7ರಂದು ಮತ ಹಾಕಿದರು. ಫಲಿತಾಂಶ ಜೂನ್ 4ಕ್ಕೆ. ಅಷ್ಟು ದಿನ ತೋಟ ಹಂದಿ ಮಂಗಗಳ ಪಾಲು. ಯಾರ ಕೋವಿ ಅಪಾಯಕಾರಿ, ಯಾರದ್ದಲ್ಲ ಎಂದು ಪ್ರಕರಣವಾರು ಪರಿಶೀಲಿಸಲು ಸಮಿತಿ ಇರಬೇಕೆಂದು ಚುನಾವಣಾ ಆಯೋಗದ ಸೂಚನೆಯೇ ಇದೆ. ಜೀವಮಾನದಲ್ಲಿ ಒಂದು ಮೊಕದ್ದಮೆ ಇಲ್ಲದ ಎಪ್ಪತ್ತರ ಕೃಷಿಕನನ್ನೂ ರೌಡಿಪಟ್ಟಿಯಲ್ಲಿ ಇರುವವನನ್ನೂ ಒಂದೇ ಸಾಲಿನಲ್ಲಿ ಠಾಣೆಯ ಜಗಲಿಯಲ್ಲಿ ನಿಲ್ಲಿಸುವುದು ಆಡಳಿತದ ಸೋಮಾರಿತನ. ಬೆಳೆಗೆಂದು ಕೊಟ್ಟ ಲೈಸನ್ಸನ್ನು ಬೆಳೆಯ ಲೈಸನ್ಸ್ ಎಂದೇ ಕಂಡು ಸರಕಾರ ನಡೆಸಿಕೊಂಡರೆ, ಅದನ್ನು ಬೆಳೆಗೆಂದೇ ಬಳಸಿರಿ ಎಂದು ಕೇಳುವ ನೈತಿಕ ಬಲವೂ ಸರಕಾರಕ್ಕೆ ಬರುತ್ತದೆ.

ಕೊನೆಯದಾಗಿ ವಾರಸುದಾರರ ವಿಷಯ. ತಂದೆ ತೀರಿಕೊಂಡ ಮೇಲೆ ಅವರ ಕೋವಿ ಮಗನದ್ದಾಗುವುದಿಲ್ಲ. ಲೈಸನ್ಸ್ ವ್ಯಕ್ತಿಗೆ ಕೊಟ್ಟದ್ದು. ಅದು ಮುಗಿದ ಕೂಡಲೇ ಕೋವಿಯನ್ನು ಹತ್ತಿರದ ಠಾಣೆಯಲ್ಲೋ ಲೈಸನ್ಸ್ ಉಳ್ಳ ವ್ಯಾಪಾರಿಯಲ್ಲೋ ಠೇವಣಿ ಇಡಬೇಕೆಂದು ಕಾಯಿದೆಯ 21ನೆಯ ಕಲಮು ಹೇಳುತ್ತದೆ. ತಿಥಿ ಮುಗಿಸಿ ಬೆಂಗಳೂರಿಗೆ ಮರಳುವ ಗಡಿಬಿಡಿಯಲ್ಲಿ ಮಕ್ಕಳು ಇದನ್ನು ಮರೆಯುತ್ತಾರೆ. ಬೀಗ ಹಾಕಿದ ಮನೆಯ ಉಪ್ಪರಿಗೆಯಲ್ಲಿ ಕೋವಿ ಉಳಿದುಬಿಡುತ್ತದೆ. ಕಾನೂನಿನ ಕಣ್ಣಿನಲ್ಲಿ ಅದು ಅಂದಿನಿಂದ ಲೈಸನ್ಸಿಲ್ಲದ ಆಯುಧ. ಊರಿನಲ್ಲೇ ಇದ್ದು ತೋಟ ನೋಡಿಕೊಳ್ಳುವ ಮಗನೋ ಮಗಳೋ ಬೆಳೆಗಾಗಿ ಹೊಸದಾಗಿ ಅರ್ಜಿ ಹಾಕಲಿ, ಅವರಿಗೆ ಸಿಗಲಿ. ಅಪ್ಪನ ನೆನಪಿಗೆಂದೋ ಕಳ್ಳರ ಭಯಕ್ಕೆಂದೋ ಉಳಿಸಿಕೊಳ್ಳಲು ಹೊರಟವರು ಅದನ್ನು ಮಾರಿ, ಆ ಹಣದಲ್ಲಿ ಅಮ್ಮನ ಕೋಣೆಯ ಬಾಗಿಲಿಗೆ ಗಟ್ಟಿ ಚಿಲಕವನ್ನೂ ಪಕ್ಕದ ಮನೆಯಲ್ಲಿ ಸದ್ದು ಮಾಡುವ ಕರೆಗಂಟೆಯೊಂದನ್ನೂ ಹಾಕಿಸಲಿ ಎಂಬುದು ನನ್ನ ಸಲಹೆ.